ಪಟೇಲರ ಎಮ್ಮೆ ರತ್ನಾಬಾಯಿಯ ಅಂಗಳಕ್ಕೆ ಬಂದ ಮಳೆಗಾಲ

ಹೋದ ಶ್ರಾವಣದಲ್ಲಿ ನಾರಾಯಣಖೇಡದಿಂದ ಮನೂರಿನ ಕಡೆಗೆ ಶೇರ್ ಆಟೋದಲ್ಲಿ ಹೋಗುತ್ತಿದ್ದೆ. ಹೊತ್ತು ಇಳಿಯುತ್ತಿತ್ತು. ಕೆರೆಯ ಏರಿ ಹತ್ತಿದ್ದೇ ತಡ, ಹಸಿ ಬೇವಿನ ಸೊಪ್ಪು ಸುಡುವ ಹೊಗೆ ಆಟೋದೊಳಗೆ ನುಗ್ಗಿತು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಡ್ರೈವರ್ ಕೆಮ್ಮುತ್ತ, “ಈ ಊರಿಂದು ಇದೇ ಹಣೇಬಾರ ನೋಡ್ರಿ. ಮಳೀಗಾಲ ಬಂತಂದ್ರ ಮನಿಮನಿಗೆ ಹೊಗಿ ಹಾಕ್ತಾರ. ಯಾವಾಕೋ ಒಬ್ಬಾಕಿ ಡಾಕ್ಟರಬಾಯಿ ಕಲಿಸಿ ಹೋಗ್ಯಾಳಂತ,” ಎಂದು ಬೈದ. ಆ ಯಾವಾಕೋ ಒಬ್ಬಾಕಿ ಅವನ ಹಿಂದಿನ ಸೀಟಿನಲ್ಲೇ ಕೂತು ಮೂಗರಳಿಸಿ ಹೊಗೆ ಕುಡಿಯುತ್ತಿದ್ದಳು. ಹೊಗಳಿಕೆಗಿಂತ ಇಂಥ ಬೈಗುಳ ನನಗೆ ಹೆಚ್ಚು ಪ್ರೀತಿ.

ಎಷ್ಟೋ ವರ್ಷಗಳ ಹಿಂದೆ ಪಶುವೈದ್ಯೆಯಾಗಿ ನನ್ನ ಮೊದಲ ಪೋಸ್ಟಿಂಗ್ ಆದದ್ದು ಇದೇ ಊರಿಗೆ. ಊರಿನ ಹೆಸರು ಹೇಳುವುದಿಲ್ಲ. ಇದರಲ್ಲಿ ಬರುವ ಪಟೇಲರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಓದಿದರೆ ಸಿಟ್ಟಾಗುತ್ತಾರೆ. ನಾನು ಜಹೀರಾಬಾದಿನವಳು, ತೊಗರಿ ವ್ಯಾಪಾರಿಯ ಮಗಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು, ಹೀಗೆ ಮೂರು ನಾಲಿಗೆ ಇಟ್ಟುಕೊಂಡು ಬೆಳೆದವಳು. “ಡಾಕ್ಟರ್ ಆದ್ಲು, ಆದ್ರ ಎಮ್ಮಿಗಿ ಆದ್ಲು,” ಎಂದು ನಮ್ಮವ್ವ ಬಂದವರ ಮುಂದೆಲ್ಲ ನಿಟ್ಟುಸಿರು ಬಿಡುತ್ತಿದ್ದಳು. ಅವಳ ನಿಟ್ಟುಸಿರಿಗೆ ಉತ್ತರ ಕೊಡಲೇಬೇಕೆಂಬ ಹಟದಿಂದ ನಾನು ಊರು ಸೇರಿದೆ. ಎರಡು ಕೋಣೆಯ ದವಾಖಾನೆ, ಮುಂದೆ ಒಂದು ಹುಣಸೇಮರ, ಒಳಗೆ ಅಟೆಂಡರ್ ಗಫೂರ್ ಭಾಯಿ. ಗಫೂರ್ ಭಾಯಿಗೆ ದನಗಳಿಗಿಂತ ದನದ ಒಡೆಯರ ಮೇಲೆ ಹೆಚ್ಚು ಕಣ್ಣು. ಯಾರ ಮನೆಯಲ್ಲಿ ಏನು ನಡೆದಿದೆ ಎಂಬುದು ಅವನಿಗೆ ಗಾಳಿಯಲ್ಲೇ ತಿಳಿಯುತ್ತಿತ್ತು.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಕೆರೆ ತುಂಬಿತು, ಜೋಳ ಮತ್ತು ಹೆಸರು ಎದೆಯುಬ್ಬಿಸಿ ನಿಂತವು, ಅದರ ಬೆನ್ನಿಗೇ ಎಮ್ಮೆಗಳು ಮಲಗತೊಡಗಿದವು. ಒಂದು ದಿನ ಮೈ ಕೆಂಡ, ಮರುದಿನ ಏನೂ ಆಗದಂತೆ ಮೇವು. ನಾಲ್ಕು ದಿನ ಬಿಟ್ಟು ಮತ್ತೆ ಕೆಂಡ. ಕಣ್ಣಲ್ಲಿ ನೀರು, ಹಾಲು ಕಡಿಮೆ. ಆಮೇಲೆ ಎಮ್ಮೆ ಗೂಟದ ಸುತ್ತ ಗಾಣದೆತ್ತಿನ ಹಾಗೆ ತಿರುಗುತ್ತದೆ, ಗೋಡೆಗೆ ಹಣೆ ಒತ್ತಿ ನಿಲ್ಲುತ್ತದೆ, ಬಿದ್ದರೆ ಏಳುವುದಿಲ್ಲ. ಆಷಾಢ ಮುಗಿಯುವ ಹೊತ್ತಿಗೆ ಕೆಲವು ಮನೆಗಳ ಗೂಟ ಖಾಲಿಯಾಗಿತ್ತು.

ನನಗೆ ಕಾಲೇಜಿನ ಪಾಠ ನೆನಪಾಯಿತು. ಆಫ್ರಿಕಾದಲ್ಲಿ ತ್ಸೆತ್ಸೆ ಎಂಬ ನೊಣವಿದೆ. ಅದು ಕಚ್ಚಿದರೆ ರಕ್ತಕ್ಕೆ ಒಂದು ಸಣ್ಣ ಹುಳ ಸೇರುತ್ತದೆ. ಮನುಷ್ಯ ಮೊದಲು ಜ್ವರ ಅನುಭವಿಸಿ, ಆಮೇಲೆ ಹಗಲೆಲ್ಲ ತೂಕಡಿಸಿ, ಕೊನೆಗೆ ನಿದ್ದೆಯಲ್ಲೇ ಮುಳುಗಿ ಸಾಯುತ್ತಾನೆ. ನಿದ್ರಾರೋಗ ಅಂತಲೇ ಅದಕ್ಕೆ ಹೆಸರು. ಒಂದು ಕಾಲಕ್ಕೆ ಹಳ್ಳಿಗೆ ಹಳ್ಳಿಯನ್ನೇ ಖಾಲಿ ಮಾಡುತ್ತಿದ್ದ ಆ ರೋಗವನ್ನು ಅಲ್ಲಿನವರು ನೀಲಿ ಬಟ್ಟೆಯ ಬಲೆ ಕಟ್ಟಿ, ರಕ್ತ ಪರೀಕ್ಷೆ ಮಾಡಿ, ಔಷಧ ಕೊಟ್ಟು ಮಣಿಸುತ್ತ ಬಂದಿದ್ದಾರೆ. ನಮ್ಮ ಮೇಷ್ಟ್ರು ಈ ಪಾಠ ಮುಗಿಸಿ, “ತ್ಸೆತ್ಸೆ ನಮ್ಮಲ್ಲಿಲ್ಲ. ಆದರೆ ಆ ಹುಳದ ದಾಯಾದಿ ಇದೆ, ಸರ್ರಾ. ಮನುಷ್ಯರ ತಂಟೆಗೆ ಬರುವುದಿಲ್ಲ, ಎಮ್ಮೆ ಕುದುರೆಗಳನ್ನು ಬಿಡುವುದಿಲ್ಲ,” ಎಂದಿದ್ದರು. ಅದನ್ನು ಹೊತ್ತು ತಿರುಗುವುದು ನಮ್ಮ ದೊಡ್ಡ ದನದ ನೊಣ. ನಮ್ಮ ಕಡೆ ತೆಲುಗಿನ ಹೆಸರಿನಿಂದಲೇ ಕರೆಯುತ್ತೇವೆ, ಜೋರೀಗ. ಆ ವರ್ಷ ಕೆರೆಯ ದಂಡೆಯಲ್ಲಿ ಜೋರೀಗ ಎಷ್ಟಿದ್ದವೆಂದರೆ ನನ್ನ ಸ್ಕೂಟಿಯ ಕನ್ನಡಿಯ ಮೇಲೂ ಕೂತಿರುತ್ತಿದ್ದವು.

ರೋಗ ಸರ್ರಾನೇ ಎಂದು ನನಗೆ ಗುಮಾನಿ ಇತ್ತು, ಪುರಾವೆ ಇರಲಿಲ್ಲ. ದವಾಖಾನೆಗೆ ಬಂದ ಎಮ್ಮೆಗಳ ರಕ್ತ ತೆಗೆದು ಗಾಜಿನ ಮೇಲೆ ಸವರಿ, ನನ್ನ ಮೈಕ್ರೋಸ್ಕೋಪಿನಲ್ಲಿ ಏನೂ ಕಾಣದೆ, ಲ್ಯಾಬಿಗೆ ಕಳಿಸಿದೆ. ಏನೂ ಇಲ್ಲ ಎಂದು ಬಂತು. ಮತ್ತೆ ಕಳಿಸಿದೆ, ಮತ್ತೆ ಅದೇ ಉತ್ತರ. ಬಂದ ಎಮ್ಮೆಗಳಾದರೂ ಹೇಗಿರುತ್ತಿದ್ದವು! ಮೈ ತೊಳೆದು, ಕೋಡಿಗೆ ಎಣ್ಣೆ ಸವರಿ, ಹಣೆಗೆ ಅರಿಸಿನ ಹಚ್ಚಿ, ಕೊರಳಿಗೆ ಹೊಸ ಹಗ್ಗ ಕಟ್ಟಿ ತರುತ್ತಿದ್ದರು. ಗಫೂರ್ ಭಾಯಿ ಕದದಲ್ಲಿ ನಿಂತು, “ಮೇಡಮ್, ಇವು ದವಾಖಾನಿಗೆ ಬಂದಾವೋ, ಲಗ್ನಕ್ಕ ಬಂದಾವೋ?” ಎನ್ನುತ್ತಿದ್ದ. ನಾನೂ ನಗುತ್ತಿದ್ದೆ. ಮನೆಯ ದನ ನಾಲ್ಕು ಮಂದಿಯ ಕಣ್ಣಿಗೆ ಬೀಳುವಾಗ ಚಂದ ಕಾಣಬೇಕು, ಅದು ಮನೆಯ ಮರ್ಯಾದೆ, ಇಷ್ಟೇ ಅಂದುಕೊಂಡಿದ್ದೆ.

ಇಷ್ಟರಲ್ಲಿ ಊರು ತನ್ನದೇ ಪರೀಕ್ಷೆ ಮಾಡಿ, ತನ್ನದೇ ಉತ್ತರ ಕಂಡುಕೊಂಡಿತ್ತು. ಆ ಉತ್ತರದ ಹೆಸರು ರತ್ನಾಬಾಯಿ.

ರತ್ನಾಬಾಯಿಯ ಮನೆ ಊರಿನ ಆಚೆ, ಕೆರೆಯಿಂದ ದೂರದ ದಿಬ್ಬದ ಮೇಲೆ. ಬಾಗಿಲ ಮೇಲೆ ಬುದ್ಧನ ಪಟ, ಮುಂದೆ ವಿಶಾಲವಾದ ಅಂಗಳ, ಅಂಗಳದಲ್ಲಿ ಎರಡು ಬೇವಿನ ಮರ. ಗಂಡ ತೀರಿದ ಮೇಲೆ ಅವಳು ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಕೆಲಸಕ್ಕಿದ್ದಳು. ಆ ನುಣುಪು ಕಲ್ಲಿನ ಮೇಲೆ ಯಾರ್ಯಾರೋ ಬರಿಗಾಲಲ್ಲಿ ತಂಪಾಗಿ ನಡೆಯುತ್ತಾರೆ, ಅದರ ಧೂಳು ಮಾತ್ರ ಇವಳ ಎದೆಯಲ್ಲಿ ಕೂತಿತ್ತು. ಮಾತಿನ ನಡುವೆ ಕೆಮ್ಮು ಬಂದರೆ ಮಾತು ಮುಗಿಸಲು ಹೊತ್ತು ಹಿಡಿಯುತ್ತಿತ್ತು. ಆ ಆಷಾಢದಲ್ಲಿ ತಾಂಡೂರು ಬಿಟ್ಟು ಊರಿಗೆ ಬಂದು, ಜಹೀರಾಬಾದಿನ ಸಂತೆಯಲ್ಲಿ ಒಂದು ಗಬ್ಬದ ಎಮ್ಮೆ ಕೊಂಡಿದ್ದಳು. ಹೆಸರು ಮೈನಾ. ಅದು ಇನ್ನೂ ಅಷ್ಟಿಷ್ಟು ಹಾಲು ಕೊಡುತ್ತಿತ್ತು, ಆ ಹಾಲು ಡೈರಿಯವರ ಕ್ಯಾನಿನಲ್ಲಿ ಊರ ಹಾಲಿನ ಜೊತೆ ಬೆರೆಯುತ್ತಿತ್ತು. ಕ್ಯಾನಿನಲ್ಲಿ ಹಾಲಿಗೆ ಜಾತಿ ಇರಲಿಲ್ಲ. ಆದರೆ ಆ ದಿಬ್ಬದ ಮನೆಯಲ್ಲಿ ಊರಿನವರು ಒಂದು ಲೋಟ ನೀರು ಕುಡಿದದ್ದನ್ನು ನಾನು ಕಂಡಿರಲಿಲ್ಲ.

ಮೈನಾಗೂ ಜ್ವರ ಬಂತು. ಕಟ್ಟೆಯ ಮೇಲೆ ಮಂದಿ ಸೇರಿ ರತ್ನಾಬಾಯಿಯನ್ನು ಕರೆಸಿದರು. ಮಲ್ಕಾಜಪ್ಪ ಪಟೇಲರೆಂದರೆ ಊರಿಗೆಲ್ಲ ದೊಡ್ಡ ಕೊಟ್ಟಿಗೆಯ ಧಣಿ, ಅವರೇ ಮಾತು ತೆಗೆದರು.

“ಆ ಎಮ್ಮಿ ಊರಿಗಿ ಕಾಲಿಟ್ಟದ್ದೇ ಇಟ್ಟದ್ದು, ರೋಗ ಬಂತು. ಶ್ರಾವಣ ಮುಗಿಯೋದ್ರಾಗ ಅದನ್ನ ಸಂತಿಗಿ ಹೊಡಿ. ಇಲ್ಲಂದ್ರ ನಿನ್ನ ಹಾಲು ಊರ ಕ್ಯಾನಿಗಿ ಬೀಳಂಗಿಲ್ಲ. ಕೆರಿ ಕಡೀನೂ ತರಬ್ಯಾಡ.”

“ಗಬ್ಬದ ಎಮ್ಮಿರಿ ಪಟೇಲರೆ,” ಎಂದಳು ರತ್ನಾಬಾಯಿ. “ಮೈ ಉರಿಯೋ ಎಮ್ಮಿ ಯಾರ್ ಒಯ್ತಾರ್ರಿ, ಕಸಾಯಿ ಬಿಟ್ಟು?”

ಅವಳು ಅಲ್ಲಿಂದ ನೇರ ದವಾಖಾನೆಗೆ ಬಂದಳು, ಕೂರಲಿಲ್ಲ. “ಮೇಡಮ್ನೋರೆ, ಈ ಎಮ್ಮಿ ಹೋದ್ರ ನಾ ಮತ್ತ ತಾಂಡೂರಿಗಿ ಹೋಗಬೇಕ್ರಿ. ಹೋದ್ರ ಈ ಸಲ ತಿರಗಿ ಬರಂಗಿಲ್ಲ. ಎದಿ ಕೇಳಂಗಿಲ್ಲ. ಏನರ ಮಾಡ್ರಿ.” ಅಳಲಿಲ್ಲ, ಕಾಡಲಿಲ್ಲ. ಅಷ್ಟು ಹೇಳಿ ಕೆಮ್ಮುತ್ತ ಹೋದಳು. ನನಗೆ ಮೈಯೆಲ್ಲ ಉರಿದುಹೋಯಿತು. ಪಟೇಲರ ಮೇಲೆ, ಲ್ಯಾಬಿನ ಮೇಲೆ, ಎಣ್ಣೆ ಹಚ್ಚಿದ ಕೋಡುಗಳ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂತು.

ಶ್ರಾವಣದ ಒಂದು ಸೋಮವಾರ ಮಧ್ಯಾಹ್ನ ಪಟೇಲರ ಮನೆಗೆ ಹೋದೆ. ರತ್ನಾಬಾಯಿಗೆ ಇನ್ನಷ್ಟು ದಿನ ಕೊಡಿ ಎಂದು ಕೇಳುವುದು ನನ್ನ ಉದ್ದೇಶ. ಅವರ ಹೆಂಡತಿ ಶರಣವ್ವ ಮಜ್ಜಿಗೆ ಕೊಟ್ಟರು. ಪಟೇಲರು ವಿಭೂತಿ ಹಚ್ಚಿಕೊಂಡು ಪ್ರಸನ್ನವಾಗಿ ಕೂತು, “ಆಗಂಗಿಲ್ಲವ್ವ, ಊರ ಮಾತು,” ಎಂದು ಶುರು ಮಾಡಿದ್ದರು. ಆಗ ಹಿತ್ತಲಿನ ಕಡೆಯಿಂದ ದಪ್ ಎಂದು ಸದ್ದಾಯಿತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಗೋಡೆಗೆ ಏನೋ ಡಿಕ್ಕಿ ಹೊಡೆಯುತ್ತಿತ್ತು.

“ಅದೇನ್ರಿ ಕಾಕಾ?”

“ಏನಿಲ್ಲ, ಬೆಕ್ಕು ಇರಬೇಕು.”

ಆ ಸದ್ದು ಮಾಡುವ ಬೆಕ್ಕು ಇನ್ನೂ ಹುಟ್ಟಬೇಕಷ್ಟೆ. ನಾನು ಲೋಟ ಇಟ್ಟು ಎದ್ದು ಹಿತ್ತಲಿಗೆ ನಡೆದೆ. ಗೋಣಿಚೀಲಗಳನ್ನು ಹೊಲಿದು ಮಾಡಿದ ಪರದೆ. ಸರಿಸಿದರೆ ಒಳಗೆ ಪಟೇಲರ ಎಮ್ಮೆಗಳಲ್ಲೇ ಹೆಸರಾದ ಎಮ್ಮೆ, ಎಲುಬು ಎದ್ದು, ಕಣ್ಣು ಕುರುಡಾದ ಹಾಗೆ, ಗೂಟದ ಸುತ್ತ ತಿರುಗಿ ತಿರುಗಿ ಗೋಡೆಗೆ ಹಣೆ ಹೊಡೆದುಕೊಳ್ಳುತ್ತಿದೆ. ಮುಟ್ಟಿದರೆ ಕೈ ಸುಡುವಂಥ ಜ್ವರ.

ಆಗ ಹೊಳೆಯಿತು. ನೋಡುವಂತಿರುವ ಎಮ್ಮೆಯನ್ನಷ್ಟೇ ಊರು ನನಗೆ ತೋರಿಸುತ್ತಿತ್ತು. ಜ್ವರ ಇಳಿದ ದಿನ ತೊಳೆದು ಬೊಟ್ಟಿಟ್ಟು ನಡೆಸಿಕೊಂಡು ಬರುತ್ತಿದ್ದರು. ಮಲಗಿದ ಎಮ್ಮೆಯ ಮೇಲೆ ಪರರ ಕಣ್ಣು ಬೀಳಬಾರದು ಎಂದು ಪರದೆ ಕಟ್ಟಿ ಬಚ್ಚಿಡುತ್ತಿದ್ದರು. ಸರ್ರಾದ ಹುಳವೋ, ಜ್ವರ ಏರಿದಾಗ ರಕ್ತದಲ್ಲಿ ತುಂಬಿರುತ್ತದೆ, ಇಳಿದಾಗ ಕಾಣದಷ್ಟು ಕಡಿಮೆಯಾಗುತ್ತದೆ. ನಡೆದು ಬರಬಲ್ಲ ಎಮ್ಮೆಯಲ್ಲಿ ಹುಳ ಸಿಗದು, ಹುಳ ಸಿಗುವ ಎಮ್ಮೆ ನಡೆದು ಬಾರದು. ಆಫ್ರಿಕಾದ ಪಾಠದಲ್ಲೂ ಇದೇ ಇತ್ತಲ್ಲ! ನಿದ್ರಾರೋಗವನ್ನು ಹಿಡಿದವರು ಆಸ್ಪತ್ರೆಯಲ್ಲಿ ರೋಗಿಗಾಗಿ ಕಾಯುತ್ತ ಕೂರಲಿಲ್ಲ, ಹಳ್ಳಿಹಳ್ಳಿಗೆ ತಾವೇ ಹೋಗಿ ರಕ್ತ ನೋಡಿದರು.

ನಾನು ಚೀಲದಿಂದ ಸೂಜಿ ತೆಗೆದೆ. ಪಟೇಲರು ಅಡ್ಡ ನಿಂತರು. “ಶ್ರಾವಣ ಸೋಮವಾರ ರಗತ ತಗೀತಿಯೇನವ್ವ? ಇವತ್ತ ಬಸವಣ್ಣನ ದಿನ, ಎತ್ತಿನ ಹೆಗಲಿಗಿ ನೊಗಾನೂ ಇಡಂಗಿಲ್ಲ ನಾವು!”

ಶರಣವ್ವ ಮುಂದೆ ಬಂದರು. “ಬಸವಣ್ಣ ಎತ್ತಿನ ದೇವ್ರು, ಎಮ್ಮಿಗಿ ಅವನ ಹೆಸರ್ ಯಾಕ್ ಹೇಳ್ತೀರಿ? ಕಾರಹುಣ್ಣಿಮಿಂದ ಹಿಂಗೇ ತಿರಗಾಕ ಹತ್ತ್ಯಾದ, ನಿಮ್ಮ ಮರ್ಯಾದಿ ಉಳಿಸಾಕ ನಾನು ಬಾಯಿ ಮುಚ್ಚೀನಿ. ತಗೀರಿ ಡಾಕ್ಟರವ್ವ, ನಾ ಹಿಡೀತೀನಿ.”

ಕಾರಹುಣ್ಣಿಮೆಯಿಂದ! ರತ್ನಾಬಾಯಿಯ ಮೈನಾ ಊರಿಗೆ ಬಂದದ್ದು ಆಷಾಢದಲ್ಲಿ, ಕಾರಹುಣ್ಣಿಮೆ ಕಳೆದು ಎಷ್ಟೋ ದಿನಗಳಾದ ಮೇಲೆ. ನಾನು ಪಟೇಲರ ಮುಖ ನೋಡಿದೆ. ಅವರು ಗೋಡೆ ನೋಡಿದರು.

ಗಫೂರ್ ಭಾಯಿ ದವಾಖಾನೆಯಿಂದ ನನ್ನ ಹಳೆಯ ಮೈಕ್ರೋಸ್ಕೋಪ್ ತಂದ. ಕರೆಂಟು ಬೇಡ, ಕೆಳಗಿನ ಕನ್ನಡಿಗೆ ಬಿಸಿಲು ಹಿಡಿದರೆ ಸಾಕು. ಪಟೇಲರ ಕಟ್ಟೆಯ ಮೇಲೇ ಇಟ್ಟೆ. ಎಮ್ಮೆಯ ಕಿವಿಯಂಚಿನ ಒಂದು ಹನಿ ರಕ್ತ ಗಾಜಿನ ಮೇಲೆ ಹಾಕಿ ಕಣ್ಣಿಟ್ಟೆ. ರಕ್ತಕಣಗಳ ನಡುವೆ ಸಣ್ಣ ಸಣ್ಣ ಹುಳಗಳು ಬಾಲ ಹೊಡೆಯುತ್ತ, ಕಣಗಳನ್ನು ಅತ್ತಿತ್ತ ತಳ್ಳುತ್ತ ಓಡಾಡುತ್ತಿದ್ದವು. ಪುಸ್ತಕದ ಚಿತ್ರದಲ್ಲಿ ಮಾತ್ರ ಕಂಡಿದ್ದ ವೈರಿ ಜೀವಂತ ಸಿಕ್ಕಿತ್ತು. ನಾನು ಡಾಕ್ಟರ್ ಎಂಬುದನ್ನು ಮರೆತು ಕೇಕೆ ಹಾಕಿದೆ.

“ಯಪ್ಪಾ! ಇದ್ರಾಗ ಮೀನ್ಮರಿ ಹೊಂಟಾವಲ್ಲರಿ!” ಎಂದರು ಶರಣವ್ವ ಕಣ್ಣಿಟ್ಟು. ಆಮೇಲೆ ಗಂಡನ ತೋಳು ಹಿಡಿದು ಎಳೆದರು. “ನೋಡ್ರಿ, ನಿಮ್ಮ ಮನಿ ಎಮ್ಮಿ ರಗತ. ಚೊಲೋತ್ನಾಗ ನೋಡ್ರಿ.”

ಪಟೇಲರು ಬಗ್ಗಿದರು. ತುಂಬ ಹೊತ್ತು ಏಳಲಿಲ್ಲ. ಅಷ್ಟರಲ್ಲಿ ಓಣಿಯಲ್ಲಿ ಸುದ್ದಿ ಹಬ್ಬಿ ಸಾಲು ನಿಂತಿತ್ತು. ಸಂಜೆಯ ಬಿಸಿಲು ಇರುವವರೆಗೂ ಊರು ಒಂದೊಂದೇ ಕಣ್ಣು ಮುಚ್ಚಿ ಒಂದೊಂದೇ ಕಣ್ಣಿಂದ ಆ ಹುಳ ನೋಡಿತು. “ಮನಷ್ಯಾರಿಗೂ ಬರ್ತದೇನ್ರಿ?” ಎಂದು ಒಬ್ಬರು ಹೆದರಿದರು. ಇದು ಬರುವುದಿಲ್ಲ, ಇದರ ಅಣ್ಣ ಆಫ್ರಿಕಾದಲ್ಲಿದ್ದಾನೆ, ಅವನು ಬಲು ಕೆಟ್ಟವನು ಎಂದು ತ್ಸೆತ್ಸೆ ನೊಣದ ಕಥೆ ಹೇಳಿದೆ. ಜೋರೀಗ ಅವಸರದ ಪ್ರಾಣಿ, ಒಂದು ಎಮ್ಮೆ ಬಾಲ ಬೀಸಿದರೆ ಅರ್ಧ ರಕ್ತ ಕುಡಿದು ಪಕ್ಕದ ಎಮ್ಮೆಯ ಮೇಲೆ ಕೂರುತ್ತದೆ, ಬಾಯಿಗಂಟಿದ ಹಸಿ ರಕ್ತದ ಜೊತೆ ಹುಳವೂ ದಾಟುತ್ತದೆ ಎಂದು ತಿಳಿಸಿದೆ. ಆದ್ದರಿಂದ ರೋಗದ ಎಮ್ಮೆಗಳು ಮಂದೆಯಿಂದ, ಕೆರೆಯಿಂದ ದೂರ ಇರಬೇಕು. ಕೊಟ್ಟಿಗೆಗೆ ಬೇವಿನ ಹೊಗೆ ಹಾಕಬೇಕು. ಯಾರೂ ದವಾಖಾನೆಗೆ ಎಮ್ಮೆ ತರುವುದು ಬೇಡ, ತೊಳೆಯುವುದೂ ಬೇಡ, ನಾನೇ ಮನೆಮನೆಗೆ ಬರುತ್ತೇನೆ, ಪರದೆ ತೆಗೆದಿರಿ ಎಂದೆ.

“ದೂರ ಅಂದ್ರ ಎಲ್ಲಿ ಕಟ್ಟೋದವ್ವ?” ಎಂದರು ಪಟೇಲರು. ಸೋತ ದನಿ.

ಕೆರೆಯಿಂದ ದೂರ, ಗಾಳಿ ಆಡುವ, ನೆರಳಿರುವ ಜಾಗ ಊರಿಗೆಲ್ಲ ಒಂದೇ ಇತ್ತು. ನಾನು ದಿಬ್ಬದ ಕಡೆ ಕೈ ತೋರಿಸಿದೆ. ಗಫೂರ್ ಭಾಯಿ ನಗು ತಡೆಯಲಾರದೆ ಕಟ್ಟೆಯ ಪಕ್ಕದ ಮರದ ಹಿಂದೆ ಹೋದ.

ರತ್ನಾಬಾಯಿ ಬೇಡ ಅನ್ನಬಹುದಿತ್ತು, ಅಂದಿದ್ದರೆ ನಾನು ಒಪ್ಪುತ್ತಿದ್ದೆ. ಜ್ವರ ಇಳಿದ ಬೆಳಿಗ್ಗೆ ಪಟೇಲರು ಎಮ್ಮೆಯನ್ನು ನಡೆಸಿಕೊಂಡು ಬಂದು ಅಂಗಳದ ಹೊರಗೆ ಹಗ್ಗ ಹಿಡಿದು ನಿಂತಾಗ ಅವಳು ಅವರನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು. “ಸಂತಿಗಿ ಹೊಡೀಲಿಲ್ಲೇನ್ರಿ ನಿಮ್ಮ ಎಮ್ಮಿ?” ಎಂದಳು. ಪಟೇಲರ ಕುತ್ತಿಗೆ ಬಗ್ಗಿತು. ಅವಳು ಅವರ ಕೈಯಿಂದ ಹಗ್ಗ ಇಸಿದುಕೊಂಡು ಬೇವಿನ ಕೆಳಗೆ ಮೈನಾಳ ಪಕ್ಕಕ್ಕೆ ಕಟ್ಟಿದಳು.

ನಾನು ಸ್ಕೂಟಿ ಹತ್ತಿ ಜಹೀರಾಬಾದಿಗೆ ಓಡಿದೆ, ಮೇಲಿನವರ ಮೇಜಿನ ಮುಂದೆ ಕೂತು ಏಳದೆ ಔಷಧ ಹೊರಡಿಸಿಕೊಂಡು ಬಂದೆ. ಬಿಳಿ ಪುಡಿ, ನೀರಲ್ಲಿ ಕರಗಿಸಿ ಚರ್ಮದ ಅಡಿಗೆ ಚುಚ್ಚಬೇಕು. ಮೊದಲನೆಯದು ಪಟೇಲರ ಎಮ್ಮೆಗೇ. ಊರೆಲ್ಲ ದಿಬ್ಬದ ಸುತ್ತ ನಿಂತಿತ್ತು. ಚುಚ್ಚಿದ ಸ್ವಲ್ಪ ಹೊತ್ತಿಗೆ ಎಮ್ಮೆ ಗಡಗಡ ನಡುಗಿತು, ಬಾಯಿಂದ ಜೊಲ್ಲು ಇಳಿಯಿತು, ಮುಂಗಾಲು ಮಡಿಸಿ ಕುಸಿಯಿತು. “ಕೊಂದ್ಳು!” ಎಂದು ಹಿಂದಿನಿಂದ ಯಾರೋ ಕೂಗಿದರು. ಔಷಧದಿಂದ ಹೀಗಾಗುತ್ತದೆ, ಮತ್ತೆ ಇಳಿಯುತ್ತದೆ ಎಂದು ನಾನು ಓದಿದ್ದೆ. ಓದಿದ್ದು ಬೇರೆ, ಊರ ಮುಂದೆ ನಿಂತು ನೋಡುವುದು ಬೇರೆ. ರತ್ನಾಬಾಯಿ ಎಮ್ಮೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, “ಏಳವ್ವ, ಏಳು, ನಮ್ಮ ಮಾನ ಕಳೀಬ್ಯಾಡ,” ಎಂದು ಕೊರಳು ತಿಕ್ಕಿದಳು. ನಡುಕ ನಿಧಾನಕ್ಕೆ ನಿಂತಿತು. ಎಮ್ಮೆ ಮೂಸಿತು, ನಿಟ್ಟುಸಿರು ಬಿಟ್ಟಿತು, ಎದ್ದು ನಿಂತಿತು. ಆಮೇಲೆ ಯಾರ ಹಂಗೂ ಇಲ್ಲದೆ ಮೈನಾಳ ಬುಟ್ಟಿಗೆ ಬಾಯಿ ಹಾಕಿ ಅವಳ ಮೇವು ತಿನ್ನತೊಡಗಿತು.

ಆ ದಿನ ಊರು ಚಪ್ಪಾಳೆ ತಟ್ಟಿತು. ನನಗೆ ಬಂದ ಮೊದಲ ಚಪ್ಪಾಳೆ ಅದು. ಮರುದಿನದಿಂದ ಗೋಣಿಪರದೆಗಳು ಒಂದೊಂದಾಗಿ ಇಳಿದವು. ಎಂಥೆಂಥ ಮನೆಗಳ ಹಿತ್ತಲಲ್ಲಿ ಎಂಥೆಂಥ ಎಮ್ಮೆಗಳು ಅಡಗಿದ್ದವು! ಗಫೂರ್ ಭಾಯಿಗೂ ತಿಳಿಯದ ಗುಟ್ಟುಗಳು. ನಾವಿಬ್ಬರೂ ಕೆಸರು ತುಳಿಯುತ್ತ ಓಣಿ ಓಣಿ ಸುತ್ತಿದೆವು, ಚುಚ್ಚಿದೆವು, ಹೊಗೆ ಹಾಕಿಸಿದೆವು. ತೀರಾ ಕೈಮೀರಿದ್ದ ಎರಡು ಎಮ್ಮೆಗಳು ಉಳಿಯಲಿಲ್ಲ. ಮಿಕ್ಕವೆಲ್ಲ ಎದ್ದವು. ಭಾದ್ರಪದದ ಹೊತ್ತಿಗೆ ಕ್ಯಾನು ಮತ್ತೆ ತುಂಬತೊಡಗಿತು. ಪಟೇಲರ ಎಮ್ಮೆ ಒಂದು ತಿಂಗಳು ದಿಬ್ಬದ ಮೇಲೇ ಇತ್ತು. ಶರಣವ್ವ ದಿನಾ ಬಂದು, ಮೊದಮೊದಲು ಅಂಗಳದ ಅಂಚಿನಲ್ಲಿ ನಿಂತು, ಆಮೇಲೆ ಬೇವಿನ ಕಟ್ಟೆಯ ಮೇಲೆ ಕೂತು ಮಾತಾಡಿ ಹೋಗುತ್ತಿದ್ದರು.

ನನಗೆ ಮಾತ್ರ ನೆಮ್ಮದಿ ಇರಲಿಲ್ಲ. ಮೈನಾಳಿಗೂ ಔಷಧ ಚುಚ್ಚಿದ್ದೆ, ಆದರೆ ಅವಳು ಗಬ್ಬದವಳು. ಇಷ್ಟು ಜ್ವರ ತಿಂದ ಎಮ್ಮೆ ಕರು ಕೆಡವುವುದುಂಟು. ಕರು ಹೋದರೆ ಹಾಲಿಲ್ಲ, ಹಾಲಿಲ್ಲದಿದ್ದರೆ ರತ್ನಾಬಾಯಿಗೆ ತಾಂಡೂರೇ ಗತಿ. ಸೀಗಿ ಹುಣ್ಣಿಮೆ ಕಳೆದ ಒಂದು ಬೆಳಿಗ್ಗೆ ದವಾಖಾನೆಯ ಬಾಗಿಲಲ್ಲಿ ಅವಳು ಓಡಿಬಂದು ನಿಂತಳು. ಕೆಮ್ಮಿನಲ್ಲಿ ಮಾತು ಸಿಕ್ಕಿಕೊಂಡಿತ್ತು. ನಾನು ಸೂಜಿಯ ಚೀಲಕ್ಕೆ ಕೈ ಹಾಕಿದೆ.

“ಹೆಣ್ಣಗರು ಆತ್ರಿ!” ಎಂದಳು ಕೊನೆಗೆ. “ಎದ್ದು ನಿಂತದ, ಮೊಲಿಗಿ ಬಾಯಿ ಹಾಕ್ಯಾದ!”

ಮೊದಲ ಹಾಲಿನಲ್ಲಿ ಅವಳು ಬೆಲ್ಲ, ಯಾಲಕ್ಕಿ ಹಾಕಿ ಗಿಣ್ಣ ಮಾಡಿದಳು. ಕರು ಹಾಕಿದ ಮನೆಯ ಗಿಣ್ಣ ಅಕ್ಕಪಕ್ಕಕ್ಕೆ ಹಂಚುವುದು ನಮ್ಮ ಕಡೆಯ ರೂಢಿ. ಅವಳು ಹಂಚಲು ಹೊರಡಲಿಲ್ಲ, ಯಾರು ತಗೊಳ್ಳುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಬೇವಿನ ಕೆಳಗೆ ತಾಟು ಇಟ್ಟು ನನಗೂ ಗಫೂರ್ ಭಾಯಿಗೂ ಕೊಯ್ದು ಕೊಡುತ್ತಿದ್ದಳು. ಆಗ ಊರ ಕಡೆಯಿಂದ ಶರಣವ್ವ ಬಂದರು, ಹಾಡುಹಗಲು, ದೊಡ್ಡ ಓಣಿಯಿಂದಲೇ, ಕೈಯಲ್ಲಿ ತಮ್ಮ ಮನೆಯ ಹಿತ್ತಾಳೆ ಬಟ್ಟಲು ಹಿಡಿದು. ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಪಟೇಲರು, ಬಂದದ್ದು ತಾವಲ್ಲ ಎನ್ನುವ ಹಾಗೆ.

ಶರಣವ್ವ ಬಂದವರೇ ಬಟ್ಟಲು ಚಾಚಿದರು. ರತ್ನಾಬಾಯಿ ಚಾಕು ಹಿಡಿದು ಕೂತೇ ಇದ್ದಳು, ಕೈ ಏಳಲಿಲ್ಲ. “ಅವ್ವಾರೆ, ನೀವು...”

“ಯಾಕ ನೋಡ್ತಿ?” ಎಂದರು ಶರಣವ್ವ. “ನನ್ನ ಎಮ್ಮಿ ನಿನ್ನ ಅಂಗಳದಾಗ ಒಂದು ತಿಂಗಳ ಉಂಡದ. ಒಡತಿ ಒಂದು ತುತ್ತು ಉಂಡ್ರ ಏನಾತು? ಹಾಕು.”

ರತ್ನಾಬಾಯಿ ದೊಡ್ಡ ತುಂಡು ಹಾಕಿದಳು. ಶರಣವ್ವ ಅಲ್ಲೇ ಬೇವಿನ ಕಟ್ಟೆಯ ಮೇಲೆ ಕೂತು ತಿಂದರು, ಅರ್ಧ ಉಳಿಸಿ ಗಂಡನ ಕಡೆ ಬಟ್ಟಲು ನೀಡಿದರು. ಪಟೇಲರು ಇಸಿದುಕೊಂಡು ಓಣಿಗೆ ಬೆನ್ನು ಮಾಡಿ ನಿಂತು ಒಂದೇ ಬಾಯಿಗೆ ತಿಂದು ಮುಗಿಸಿದರು. ಆಮೇಲೆ ಬಟ್ಟಲನ್ನು ಖಾಲಿ ಕೊಡಲಾರದೆ ಒಂದು ಕ್ಷಣ ಹಿಡಿದುಕೊಂಡೇ ನಿಂತರು. “ಬೆಲ್ಲ ಜರಾ ಕಮ್ಮಿ ಆಗ್ಯಾದ,” ಎಂದರು.

“ಮುಂದಿನ ಸಲ ಹೆಚ್ಚು ಹಾಕ್ತೀನ್ರಿ,” ಎಂದಳು ರತ್ನಾಬಾಯಿ. ಹೇಳಿ ನಕ್ಕಳು. ಅವಳು ಕೆಮ್ಮಿಲ್ಲದೆ ಪೂರ್ತಿ ನಕ್ಕದ್ದನ್ನು ನಾನು ಕಂಡದ್ದು ಅಂದೇ ಮೊದಲು.

ಹೋದ ಶ್ರಾವಣದಲ್ಲಿ ಆಟೋ ದಿಬ್ಬದ ಕೆಳಗೆ ನಿಂತಾಗ ಮೇಲೆ ಊರ ಹಾಲಿನ ಕ್ಯಾನುಗಳು ಸಾಲಾಗಿ ನಿಂತಿದ್ದವು. ಈಗ ಹಾಲು ಅಳೆಯುವುದು ರತ್ನಾಬಾಯಿಯ ಅಂಗಳದಲ್ಲೇ. ಬೇವಿನ ಹೊಗೆಯ ನಡುವೆ ಅವಳು ನನ್ನನ್ನು ಗುರುತು ಹಿಡಿದು, ಕೈಯಲ್ಲಿದ್ದ ಅಳತೆಯ ಪಾತ್ರೆ ಬಿಟ್ಟು, “ಡಾಕ್ಟರಬಾಯಿ ಬಂದಾರ!” ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದಳು. ಆಟೋ ಡ್ರೈವರ್ ನನ್ನನ್ನು ನೋಡಿದ, ಹೊಗೆಯನ್ನು ನೋಡಿದ, ಬಾಡಿಗೆ ತಗೊಳ್ಳಲು ಚಾಚಿದ್ದ ಕೈ ಹಿಂದೆಗೆದುಕೊಂಡ. ನಾನು ಬಲವಂತ ಮಾಡಿ ಕೊಟ್ಟೆ. ಮೇಲಿನಿಂದ ಮುದಿ ಪಟೇಲರ ದನಿ ಕೇಳಿತು, “ಲಗೂ ಬಾ ಅನ್ರಿ ಆಕಿಗಿ, ಮೈನಾನ ಮೊಮ್ಮಗಳು ಈದ್ಯಾಳ, ಗಿಣ್ಣ ಆರಾಕ ಹತ್ತ್ಯಾದ!”